ಶೀಶೆಯ ಮೇಲಿಲ್ಲದ ಹೆಸರು

ಗಲ್ಫ್‌ನಿಂದ ಬಂದ ಮಾಮನ ಪೆಟ್ಟಿಗೆಯಿಂದ ಒಮ್ಮೆ ಬೀಸಣಿಗೆಯಂಥ ನೀಲಿ ಮುಚ್ಚಳದ ಶೀಶೆಯೊಂದು ಹೊರಬಂತು. ಹೆಸರು ಶಾಲಿಮಾರ್. ಪ್ಯಾರಿಸ್‌ನವರು ಮೊಘಲರ ಉದ್ಯಾನದ ಹೆಸರಿಟ್ಟಿದ್ದಾರೆಂದು ನಾವೆಲ್ಲ ಬೀಗಿದೆವು. ಅತ್ತರಿನ ಹತ್ತಿಯನ್ನು ಕಿವಿಯಲ್ಲಿಟ್ಟುಕೊಳ್ಳುತ್ತಿದ್ದ ಅಜ್ಜ ಮಾತ್ರ ಮೂಸಿ ನೋಡಿ, "ಚೆನ್ನಾಗಿದೆ. ಮಾಡಿದವರು ಯಾರು?" ಎಂದರು. ನಮಗೆ ಗೊತ್ತಿರಲಿಲ್ಲ.

ಓದಿ ತಿಳಿದದ್ದು ಆಮೇಲೆ. ಅದು ಗೆರ್ಲಾನ್ ಮನೆತನದ್ದು. ಪಿಯೆರ್ ಫ್ರಾನ್ಸ್ವಾ ಪಾಸ್ಕಲ್ ಗೆರ್ಲಾನ್ 1828ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದರು. 1853ರಲ್ಲಿ ಸಾಮ್ರಾಜ್ಞಿ ಯೂಜಿನಿಗಾಗಿ ಜೇನ್ನೊಣದ ಚಿತ್ತಾರವಿದ್ದ ಶೀಶೆಯಲ್ಲಿ ಸುಗಂಧ ಒಪ್ಪಿಸಿ ಅರಮನೆಯ ಮನ್ನಣೆ ಪಡೆದರು. ಮಗ ಎಮೆ 1889ರಲ್ಲಿ 'ಜಿಕಿ'ಗಾಗಿ ಹೂವು, ಬೇರುಗಳ ಸತ್ವದ ಜೊತೆ ಪ್ರಯೋಗಾಲಯದಲ್ಲಿ ತಯಾರಾದ ವಸ್ತುಗಳನ್ನೂ ಬೆರೆಸಿದರು. ನಂತರದ ತಲೆಮಾರಿನ ಜಾಕ್ ರೂಪಿಸಿದ ಶಾಲಿಮಾರ್ 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಹೆಸರು ಮಾಡಿತು. ಮೊದಲು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಚುರುಕು, ಹೊತ್ತು ಕಳೆದಂತೆ ವೆನಿಲಾದ ಬೆಚ್ಚನೆಯ ಸಿಹಿ. ಇದೇ ಆ ಮನೆಯ ಶೈಲಿ.

ಜಾಹೀರಾತಿಗೆ ಕಥೆಯೂ ಸಿಕ್ಕಿತು: ಶಹಜಹಾನ್–ಮುಮ್ತಾಜರ ಪ್ರೇಮ. ಆದರೆ ಶ್ರೀನಗರದ ಶಾಲಿಮಾರ್ ಜಹಾಂಗೀರ್ ಕಟ್ಟಿಸಿದ್ದು. ಲಾಹೋರಿನದನ್ನು ಶಹಜಹಾನ್ ಆರಂಭಿಸಿದ್ದು 1641ರಲ್ಲಿ. ಮುಮ್ತಾಜ್ 1631ರಲ್ಲೇ ತೀರಿಕೊಂಡಿದ್ದರು.

ಅದೇ 1841ರಲ್ಲಿ, ಅಂದರೆ ಸರಿಯಾಗಿ ಇನ್ನೂರು ವರ್ಷಗಳ ನಂತರ, ಫ್ರೆಂಚರ ವಸಾಹತಾಗಿದ್ದ ರಿಯೂನಿಯನ್ ದ್ವೀಪದಲ್ಲಿ ಹನ್ನೆರಡು ವರ್ಷದ ಕಪ್ಪು ಗುಲಾಮ ಬಾಲಕ ಎಡ್ಮಂಡ್, ವೆನಿಲಾ ಹೂವಿಗೆ ಕಡ್ಡಿಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನ ಕಂಡುಹಿಡಿದ. ಇಂದಿಗೂ ಲೋಕದ ವೆನಿಲಾ ಬೆಳೆ ನಿಂತಿರುವುದು ಅದರ ಮೇಲೆಯೇ. ಗುಲಾಮಗಿರಿ ರದ್ದಾದ ಮೇಲೆ ಆತನಿಗೆ ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿತು, ಸಂಪತ್ತು ಸಿಗಲಿಲ್ಲ. 1880ರಲ್ಲಿ ಬಡತನದಲ್ಲೇ ಸತ್ತ.

ಇದನ್ನು ಓದಿದಾಗ ನಮ್ಮ ಉಮ್ಮ ನೆನಪಾದರು. ವೆನಿಲಾಕ್ಕೆ ಚಿನ್ನದ ಬೆಲೆಯಿದ್ದ ಕಾಲದಲ್ಲಿ ನಾವೂ ಅಡಿಕೆ ತೋಟದಲ್ಲಿ ಬಳ್ಳಿ ಹಬ್ಬಿಸಿದ್ದೆವು. ಬೆಳ್ಳಂಬೆಳಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವನ್ನು ಬಿಡಿಸುತ್ತಿದ್ದುದು ಅವರೇ. ಆ ಕೈಚಳಕ ಯಾರ ಕೊಡುಗೆಯೆಂದು ಅವರಿಗೂ ತಿಳಿದಿರಲಿಲ್ಲ.

ಗೆರ್ಲಾನ್ ಮನೆತನ 1994ರಲ್ಲಿ ಸಂಸ್ಥೆಯನ್ನು ಬೇರೆಯವರಿಗೆ ಮಾರಿತು. 2010ರಲ್ಲಿ ಜಾಕ್‌ರ ಮೊಮ್ಮಗ ಜಾನ್ ಪಾಲ್ ಗೆರ್ಲಾನ್ ದೂರದರ್ಶನದಲ್ಲಿ ತಮ್ಮ ದುಡಿಮೆಯನ್ನು ವರ್ಣಿಸುತ್ತಾ, ಕಪ್ಪು ಜನ ಎಂದಾದರೂ ಹಾಗೆ ದುಡಿದಿದ್ದಾರೋ ಇಲ್ಲವೋ ಎಂಬರ್ಥದ ಮಾತಾಡಿದರು. ಸಂಸ್ಥೆ ಆ ಮಾತನ್ನು ಖಂಡಿಸಿತು. 2012ರಲ್ಲಿ ನ್ಯಾಯಾಲಯ ಅವರಿಗೆ 6,000 ಯೂರೋ ದಂಡ ವಿಧಿಸಿತು.

ಶಾಲಿಮಾರ್‌ನ ಪರಿಮಳ ನಮಗೆ ಈಗಲೂ ಇಷ್ಟವೇ. ಆದರೆ ಅಜ್ಜನ ಪ್ರಶ್ನೆಗೆ ಇಂದು ಯಾರಾದರೂ ಉತ್ತರ ಕೇಳಿದರೆ, ನಾವು ಜಾಕ್ ಹೆಸರಿನ ಜೊತೆ ಎಡ್ಮಂಡ್ ಹೆಸರನ್ನೂ ಹೇಳುತ್ತೇವೆ.