ಹೆಸರು ಹಿಡಿದು ಕರೆಯುವುದು

ಸೋಮವಾರ

ಗದಗಿನ ಕಡೆಯ ಹುಡುಗಿ, ನಮ್ಮ ಬೆಂಗಳೂರಿನ ಆಫೀಸಿಗೆ ಸೇರಿ ಹದಿನೈದು ದಿನ. ರಜೆ ಕೇಳಿ ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಬರೆಯುತ್ತಿದ್ದಳು. ಹೇಳಬೇಕಾದದ್ದು ಮೂರು ಸಾಲು: ಅಕ್ಕನ ಮದುವೆ, ಎರಡು ದಿನ ರಜೆ, ಅಷ್ಟರಲ್ಲಿ ಕೆಲಸ ಯಾರು ನೋಡಿಕೊಳ್ಳುತ್ತಾರೆ. ಅದಾಗಲೇ ಬರೆದಾಗಿತ್ತು. ತಲೆಯ ಸಾಲು ಮಾತ್ರ ನಿಲ್ಲುತ್ತಿಲ್ಲ. ‘ರೆಸ್ಪೆಕ್ಟೆಡ್ ಸರ್’ ಎಂದು ಟೈಪ್ ಮಾಡಿ ಅಳಿಸಿದಳು. ‘ಡಿಯರ್ ಸರ್’ ಬಂತು, ಅದೂ ಹೋಯಿತು. ಕೊನೆಗೆ ‘ಹಾಯ್’ ಎಂದು ಹೊಡೆದು, ಅವರ ಹೆಸರಿನ ಮೊದಲ ಅಕ್ಷರಕ್ಕೆ ಬಂದು ಕೀಬೋರ್ಡಿನಿಂದ ಕೈ ತೆಗೆದುಬಿಟ್ಟಳು.

“ಎಲ್ಲಾರೂ ಹೆಸರೇ ಬರೀತಾರ ಅಂದ್ರಿ ಖರೆ, ನಮ್ಮ ಅಪ್ಪನ ವಯಸ್ಸಿನವ್ರಿಗೆ ಹೆಸರು ಹಿಡದು ಹೆಂಗ ಕರೀಲ್ರಿ ಅಕ್ಕಾರ?”

ನನಗೆ ಉತ್ತರ ತೋಚಲಿಲ್ಲ. ಇಷ್ಟು ವರ್ಷ ನಾನೂ ಅದೇ ಮುಖ್ಯಸ್ಥರಿಗೆ ‘ಹಾಯ್’ ಹಾಕಿ ಬರಿ ಹೆಸರು ಬರೆದಿದ್ದೇನೆ. ಲಿಫ್ಟಿನ ಬಳಿ ಎದುರಾದರೆ ಬಾಯಿಗೆ ಬರುವುದು ‘ಸರ್’. ಕೈಗೆ ಒಂದು ಅಭ್ಯಾಸ, ಬಾಯಿಗೆ ಇನ್ನೊಂದು. ಇದು ಯಾವಾಗ ಹೀಗಾಯಿತು?

ಕೊನೆಗೆ ಅವಳು ಕಳಿಸಿದ್ದು ‘ನಮಸ್ತೆ ಸರ್’ ಎಂದು.

ಮಂಗಳವಾರ

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಈ ಪೇಚು ಇದ್ದ ಹಾಗೆ ಕಾಣೆ. ಕನ್ನಡದ ಸರ್ಕಾರಿ ಪತ್ರಕ್ಕೆ ಚೌಕಟ್ಟು ಸಿದ್ಧವಿದೆ: ಇಂದ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ. ‘ಮಾನ್ಯರೇ’ ಎಂಬ ಒಂದೇ ಪದ ತಹಶೀಲ್ದಾರರಿಗೂ ಸಲ್ಲುತ್ತದೆ, ಜಿಲ್ಲಾಧಿಕಾರಿಗಳಿಗೂ ಸಲ್ಲುತ್ತದೆ. ಯಾರು ಮೇಲೆ, ಯಾರು ಕೆಳಗೆ ಎಂಬುದು ಗೊತ್ತಾಗುವುದು ವಾಕ್ಯದ ಕೊನೆಯಲ್ಲಿ. ಮೇಲಿನವರಿಗಾದರೆ ‘ಸಲ್ಲಿಸಿದೆ’, ‘ಕೋರಿದೆ’. ಕೆಳಗಿನವರಿಗಾದರೆ ‘ಸೂಚಿಸಿದೆ’. ಕಡತ ಮೇಲಕ್ಕೆ ಹೋಗುವಾಗ ‘ತಮ್ಮ ಅವಗಾಹನೆಗಾಗಿ’ ಎಂಬ ಮಾತು ಅದರ ಜೊತೆಗೇ ಹೊರಡುತ್ತದೆ.

ಅಲ್ಲಿ ಹೆಸರಿಗೆ ಜಾಗವೇ ಇಲ್ಲ ಎನ್ನುವ ಹಾಗೂ ಇಲ್ಲ. ಅರೆ ಸರ್ಕಾರಿ ಪತ್ರ ಎಂಬುದೊಂದಿದೆ. ಒಬ್ಬ ಅಧಿಕಾರಿ ಇನ್ನೊಬ್ಬರ ವೈಯಕ್ತಿಕ ಗಮನಕ್ಕೆ ತರಲು ಬರೆಯುವಂಥದ್ದು. ಅದರಲ್ಲಿ ಹೆಸರು ಬರುತ್ತದೆ. ಉಳಿದದ್ದೆಲ್ಲ ಟೈಪಾಗಿ ಬಂದರೂ, ‘ಪ್ರಿಯ ಶ್ರೀ’ ಎಂದು ಶುರುವಾಗುವ ಆ ಸಾಲನ್ನು ಎಷ್ಟೋ ಅಧಿಕಾರಿಗಳು ಪೆನ್ನು ತೆಗೆದು ತಾವೇ ಬರೆಯುತ್ತಾರೆ. ಹೆಸರನ್ನು ಕೈಯಾರೆ ಬರೆಯುವ ಈ ಕ್ರಮ ನನಗೆ ಬಹಳ ಇಷ್ಟ.

ಬುಧವಾರ

ಬಾ, ಬನ್ನಿ, ಬರಬೇಕು, ದಯಮಾಡಿಸಬೇಕು. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇದೆ. ಧಾರವಾಡದ ಕಡೆಯಾದರೆ ಒಂದು ‘ರಿ’ ಸಾಕು: ಹೌದ್ರಿ, ಬರ್ರಿ, ಹೇಳ್ರಿ. ‘ತಾವು ಬಿಡುವು ಮಾಡಿಕೊಂಡು ನೋಡಬೇಕೆಂದು ಕೋರುತ್ತೇನೆ’ ಎಂಬ ವಾಕ್ಯದ ಮೇಲಿನ ಸಂಬೋಧನೆಯನ್ನು ಕಿತ್ತುಹಾಕಿ ನೋಡಿದೆ. ಮರ್ಯಾದೆ ಒಂದಿಷ್ಟೂ ಕದಲಲಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಮಾಡಿದರೆ ‘ಪ್ಲೀಸ್ ಅಪ್ರೂವ್’ ಎಂಬುದಷ್ಟೇ ಉಳಿದು, ಅಪ್ಪಣೆ ಕೊಟ್ಟ ಹಾಗೆ ಕೇಳಿಸುತ್ತದೆ. ಆ ಭಾಷೆಯ ‘ಯೂ’ ಮಗುವಿಗೂ ಅದೇ, ಮುಖ್ಯಸ್ಥರಿಗೂ ಅದೇ. ಹಾಗಾಗಿ ಕನ್ನಡದವರಾದ ನಾವು ಇಂಗ್ಲಿಷಿನಲ್ಲಿ ಬರೆಯಲು ಕೂತಾಗ, ಕ್ರಿಯಾಪದದಲ್ಲಿ ತೋರಿಸಲಾಗದ ಗೌರವವನ್ನೆಲ್ಲ ತಲೆಯ ಎರಡು ಪದಗಳ ಮೇಲೆ ಹೇರುತ್ತೇವೆ. ಆ ಹುಡುಗಿ ಮೂರು ಸಲ ಬರೆದು ಅಳಿಸಿದ್ದು ಅಂಜಿಕೆಯಿಂದ ಎಂದು ಮೊದಲು ಅಂದುಕೊಂಡಿದ್ದೆ. ಈಗ ಹಾಗನಿಸುವುದಿಲ್ಲ.

ಅದೇ ದಿನ, ರಾತ್ರಿ

ಇನ್ನೊಂದು ತೊಡಕು. ‘ಮಿಸ್ಟರ್’ ಹಾಕಿ ಮನೆತನದ ಹೆಸರು ಸೇರಿಸಿದರೆ ಆಯಿತು ಎನ್ನುತ್ತಾರೆ. ಹಳೇ ಮೈಸೂರಿನ ಕಡೆ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಇರುವುದು ಇನಿಷಿಯಲ್. ಕುವೆಂಪು ಅಂದರೆ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಆಮೇಲೆ ತಾವು. ಈ ಕ್ರಮದ ಹೆಸರನ್ನು ಕಂಪ್ಯೂಟರಿನ ಅರ್ಜಿಗೆ ತುಂಬಿಸಿದರೆ ‘ಡಿಯರ್’ ಪಕ್ಕದಲ್ಲಿ ಬಂದು ಕೂರುವುದು ಊರು. ನನ್ನ ಹೆಸರಿಗೆ ಅಪ್ಪನ ಹೆಸರು ಅಂಟಿಕೊಂಡಿರುವುದರಿಂದ ಹೊರದೇಶದ ಕಚೇರಿಯಿಂದ ಬರುವ ಮೇಲ್‌ಗಳು ಎಷ್ಟೋ ಸಲ ಅಪ್ಪನನ್ನೇ ಕರೆಯುತ್ತವೆ. ಅವರು ತೀರಿಕೊಂಡು ಆರು ವರ್ಷವಾಯಿತು. ಆ ಹೆಸರು ಕಂಡಾಗೆಲ್ಲ ಒಂದು ಗಳಿಗೆ ಕೈ ನಿಲ್ಲುತ್ತದೆ.

ಕನ್ನಡದಲ್ಲಿ ನಡುದಾರಿಯೊಂದಿದೆ: ಹೆಸರು ಹೇಳಿ ‘ಅವರೇ’ ಸೇರಿಸುವುದು. ಹೆಸರೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಆದರೆ ಸಭೆಯಲ್ಲಿ ಚೆನ್ನಾಗಿ ಒಪ್ಪುವ ಇದು ತೀರಾ ಹಿರಿಯರ ಮುಂದೆ ನಾಲಿಗೆಗೆ ಬರುವುದಿಲ್ಲ. ಮೇಷ್ಟ್ರನ್ನು ಯಾರು ಹಾಗೆ ಕರೆದಾರು? ‘ಮೇಷ್ಟ್ರೇ’ ಎಂದೇ ಕರೆಯಬೇಕು.

ಶುಕ್ರವಾರ

ವಕೀಲ ಗೆಳತಿಯ ಜೊತೆ ಮಾತಾಡಿದೆ. ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ‘ಮೈ ಲಾರ್ಡ್’ ಬೇಕಿಲ್ಲ ಎಂದು ನಿಯಮ ಮಾಡಿದೆ. ಕೆಳಗಿನ ನ್ಯಾಯಾಲಯಗಳಲ್ಲಿ ‘ಸರ್’ ಎನ್ನಬಹುದು, ಇಲ್ಲವೇ ಆಯಾ ಪ್ರದೇಶದ ಭಾಷೆಯ ಸಮಾನ ಪದ ಬಳಸಬಹುದು. ಆದರೂ ಇವತ್ತಿಗೂ ‘ಮೈ ಲಾರ್ಡ್’ ಕೇಳಿಸುತ್ತದಂತೆ. 2012ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ದೇಶದೊಳಗಿನ ಸಮಾರಂಭಗಳಲ್ಲಿ ತಮ್ಮ ಹೆಸರಿನ ಹಿಂದೆ ‘ಘನತೆವೆತ್ತ’ ಎಂಬರ್ಥದ ‘ಹಿಸ್ ಎಕ್ಸಲೆನ್ಸಿ’ ಬೇಡವೆಂದರು. ಅದು ಬೇಗ ಜಾರಿಗೆ ಬಂತು. ಎತ್ತರದಲ್ಲಿ ಕೂತವರೇ ಇಳಿಸಿದರೆ ಬಿರುದು ಇಳಿಯುತ್ತದೆ. ಕೆಳಗೆ ನಿಂತವರು ತಾವಾಗಿ ಇಳಿಸಲಾರರು. ಒಕ್ಕಲು ಜನ ಜಮೀನಿನ ಒಡೆಯರಿಗೆ ‘ಬುದ್ಧೀ’ ಎನ್ನುತ್ತ ಕೈಕಟ್ಟಿ ನಿಲ್ಲುತ್ತಿದ್ದುದನ್ನು ಅಜ್ಜಿ ಹೇಳುತ್ತಿದ್ದಳು. ಆ ಪದ ಹೋದದ್ದು ಒಳ್ಳೆಯದಾಯಿತು. ಹೆಸರು ಹಿಡಿದು ಕರೆಯುವ ಆಫೀಸನ್ನು ಸುಲಭವಾಗಿ ಹಳಿಯಲು ನನಗೆ ಮನಸ್ಸಾಗದಿರುವುದು ಅದಕ್ಕೇ.

ಮರುವಾರದ ಗುರುವಾರ

ಹುಡುಗಿ ಮದುವೆ ಮುಗಿಸಿ ಬಂದಿದ್ದಾಳೆ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ರಜೆಯ ಮೇಲ್‌ಗೆ ಬಂದಿದ್ದ ಉತ್ತರ ತೋರಿಸಿದಳು. ಮದುವೆ ಚೆನ್ನಾಗಿ ನಡೆಯಲಿ ಎಂದು ಒಂದು ಸಾಲು, ಕೆಳಗೆ ಮುಖ್ಯಸ್ಥರ ಹೆಸರು. ಹುದ್ದೆಯಿಲ್ಲ, ಇನಿಷಿಯಲ್ಲೂ ಇಲ್ಲ.

“ಬರೇ ಹೆಸರು ಬರದಾರ ನೋಡ್ರಿ,” ಎಂದಳು.

ಮಧ್ಯಾಹ್ನ ಅವರಿಗೇ ಇನ್ನೊಂದು ಮೇಲ್ ಬರೆಯುವುದಿತ್ತು. ‘ಹಾಯ್’ ಎಂದು ಹೊಡೆದಳು. ಹೆಸರನ್ನು ಪೂರ್ತಿ ಟೈಪ್ ಮಾಡಿದಳು. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕೂತು, ಹೆಸರಿನ ಪಕ್ಕದಲ್ಲೊಂದು ‘ಸರ್’ ಸೇರಿಸಿ ಕಳಿಸಿಬಿಟ್ಟಳು.