ಜುಟ್ಟಿನ ದಾರಿ

ನಮ್ಮ ತಾಯಿಯವರ ತವರು ಬೇಲೂರು. ಸೇರಿದ ಮನೆ ಹಳೇಬೀಡು. ನಡುವಣ ದೂರ ೧೬ ಕಿಲೋಮೀಟರು. ಮದುವೆಯಾದ ಹೊಸತರಲ್ಲಿ ಕಮಾನುಗಾಡಿಯಲ್ಲಿ ಮುಂಜಾನೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತವರು ಸೇರುತ್ತಿದ್ದರಂತೆ. ಆದುದರಿಂದ ಅವರಿಗೆ ದೂರವೆಂದರೆ ಹೊತ್ತು. ಮೈಲಿಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ.

ಕಿರಿಯ ಮಗನು ಸಾನ್‌ಫ್ರಾನ್ಸಿಸ್ಕೋ ಸೀಮೆಯಲ್ಲಿ ನೆಲಸಿದ ಮೇಲೆ ಅವರು ಕೇಳುತ್ತಿದ್ದುದೂ ಅದನ್ನೇ: “ಅಲ್ಲಿ ಹೊರಟರೆ ಎಷ್ಟು ಹೊತ್ತಿಗೆ ನಮ್ಮ ಹೊಸ್ತಿಲು ತುಳಿಯುತ್ತೀಯಪ್ಪ?” ಮೊದಲು ನಡುವೆ ಎಲ್ಲಿಯಾದರೂ ಇಳಿದು ಬೇರೆ ವಿಮಾನಕ್ಕೆ ಕಾಯಬೇಕಾಗಿತ್ತು. ೨೦೨೧ನೆಯ ಜನವರಿಯಲ್ಲಿ ಏರ್ ಇಂಡಿಯಾದವರು ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನವನ್ನು ಬಿಟ್ಟರು. ಆ ಮೊದಲ ಯಾನದಲ್ಲಿ ವಿಮಾನ ನಡಸಿದವರೆಲ್ಲರೂ ಸ್ತ್ರೀಯರು. ಮುಖ್ಯಸ್ಥೆ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ದೂರ ಸುಮಾರು ೧೪,೦೦೦ ಕಿಲೋಮೀಟರು. ಕಾಲ ಹದಿನೇಳು ಗಂಟೆ. ದಾರಿ ಉತ್ತರಧ್ರುವದ ಮೇಲೆ.

“ತೆಂಕಣ ಊರಿಗೆ ಬರುವವರು ಬಡಗಲಿಗೇಕೆ ಹೋಗಬೇಕು?” ಎಂದರು ತಾಯಿ. ಆಗ ಊರಿಗೆ ಬಂದಿದ್ದ ತಮ್ಮನು, ಅರಸೀಕೆರೆಯಿಂದ ತಂದಿದ್ದ ತೆಂಗಿನಕಾಯಿಯೊಂದನ್ನು ಎತ್ತಿಕೊಂಡು, ನಡುವಿಗಿಂತ ಕೊಂಚ ಮೇಲೆ ಬೆಂಗಳೂರೆಂದು ಕುಂಕುಮದ ಬೊಟ್ಟಿಟ್ಟನು. ಎದುರು ಮಗ್ಗುಲಲ್ಲಿ, ಇನ್ನೂ ಮೇಲಕ್ಕೆ, ಮತ್ತೊಂದು. ಹೂವು ಕಟ್ಟುವ ದಾರವನ್ನು ಎರಡಕ್ಕೂ ಹಿಡಿದು ಬಿಗಿದಾಗ ಅದು ತಾನಾಗಿಯೇ ಜಾರಿ ಜುಟ್ಟಿನ ಬಳಿ ನಿಂತಿತು. ಚಪ್ಪಟೆಯಾದ ಭೂಪಟವನ್ನೇ ನೋಡಿ ಬೆಳೆದ ನನಗೂ ಅದು ಹೊಸತು. ಆದರೆ ತಾಯಿಯವರ ಮುಂದೆ ಒಪ್ಪಿಕೊಳ್ಳಲಿಲ್ಲ. ಗಾಳಿಯ ಗತಿಯನ್ನು ನೋಡಿ ದಾರಿಯನ್ನು ಬದಲಿಸುವುದೂ ಉಂಟೆಂದು ಅವನು ಹೇಳಿದನು. ತಾಯಿಯವರು ಜುಟ್ಟಿನ ದಾರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡರು.

ಮುಂದೊಂದು ಮಾಗಿಯಲ್ಲಿ ಅವರು ಹಾಸಿಗೆ ಹಿಡಿದರು. ತಮ್ಮನು ಅಲ್ಲಿಯ ಶನಿವಾರ ರಾತ್ರಿ ವಿಮಾನವೇರಿದನು. ನಮಗದು ಭಾನುವಾರ ಬೆಳಗಿನ ಹತ್ತು ಗಂಟೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ಗಂಟೆಯ ಅಂತರವಷ್ಟೆ. ತಾಯಿಯವರು ಎರಡು ಸಲ “ಎಲ್ಲಿಗೆ ಬಂದ?” ಎಂದರು. ನಾನು ಗಡಿಯಾರ ನೋಡಿ ಏನೋ ಹೇಳಿದೆ. ಸಂಜೆ ಐದರ ಸುಮಾರಿಗೆ ಅವರ ಉಸಿರು ನಿಂತಿತು.

ಸೋಮವಾರ ಬೆಳಗಿನ ಜಾವ ಮೂರಕ್ಕೆ ಅವನು ಬೆಂಗಳೂರಿನಲ್ಲಿ ಇಳಿದನು. ಸುದ್ದಿಯನ್ನು ತಿಳಿಸಿದವನು ನಾನೇ. ದೇವನಹಳ್ಳಿಯ ಕಡೆಯಿಂದ ಪಟ್ಟಣಕ್ಕೆ, ಅಲ್ಲಿಂದ ರೈಲಿನಲ್ಲಿ ಅರಸೀಕೆರೆಗೆ, ಜಂಕ್ಷನ್ನಿನಲ್ಲಿ ಇಳಿದು ಕಾರಿನಲ್ಲಿ ಜಾವಗಲ್ಲಿನ ಮೇಲೆ ಹಳೇಬೀಡಿಗೆ. ಭೂಮಿಯ ಸುತ್ತಳತೆಯ ಮೂರನೆಯ ಒಂದು ಪಾಲನ್ನು ಹದಿನೇಳು ಗಂಟೆಯಲ್ಲಿ ದಾಟಿದವನಿಗೆ ಉಳಿದ ಇನ್ನೂರು ಚಿಲ್ಲರೆ ಕಿಲೋಮೀಟರಿಗೆ ಏಳು ಗಂಟೆ ಹಿಡಿಯಿತು. ವಿಮಾನದ ವೇಳಾಪಟ್ಟಿಯಲ್ಲಿ ಈ ಏಳು ಗಂಟೆ ಇರುವುದಿಲ್ಲ. ತಾಯಿಯವರ ಲೆಕ್ಕದಲ್ಲಿ ಇತ್ತು. ಬಂಧುಗಳು, ಇನ್ನೆಷ್ಟು ಹೊತ್ತು ಇಟ್ಟುಕೊಂಡಿರುವುದೆಂದು ನನ್ನನ್ನು ಕೇಳುತ್ತಲೇ ಇದ್ದರು.

ಹತ್ತು ಗಂಟೆಗೆ ಅವನು ಹೊಸ್ತಿಲು ತುಳಿದನು. ಕಾರ್ಯವೆಲ್ಲ ಮುಗಿದು ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ, “ಎಷ್ಟು ಗಂಟೆಗೆ ಹೋದರು, ಅಣ್ಣ?” ಎಂದು ಕೇಳಿದನು. ಹೇಳಿದೆ. ಬೆರಳು ಮಡಿಸಿ ಎಣಿಸಿದನು.

“ಜುಟ್ಟಿನ ಹತ್ತಿರವಿದ್ದೆ” ಎಂದನು.