ಕಸ ಕಾಯಿಸುವ ಊರು

ಕೋಪನ್‌ಹೇಗನ್ ಅಂದ್ರೆ ಸೈಕಲ್ ಊರು ಅಂತಾರೆ. ಡಿಸೆಂಬರ್‌ನಲ್ಲಿ ಅಲ್ಲಿದ್ದ ಒಂದು ವಾರ ನನ್ನ ಕುತೂಹಲ ಕೆರಳಿಸಿದ್ದು ಮಾತ್ರ ರೂಮಿನ ರೇಡಿಯೇಟರ್. ಹೊರಗೆ ಮೈ ಕೊರೆಯುವ ಚಳಿ, ಒಳಗೆ ಟೀ ಶರ್ಟ್ ಸಾಕು. ಆದರೆ ಕಟ್ಟಡದಲ್ಲಿ ಎಲ್ಲೂ ಒಲೆ ಉರಿಯುತ್ತಿಲ್ಲ. ನಮ್ಮಲ್ಲಿ ಕಾವೇರಿ ನೀರು ಬರೋ ಹಾಗೆ ಅಲ್ಲಿ ರಸ್ತೆಯಡಿಯ ಪೈಪಿನಲ್ಲಿ ಬಿಸಿನೀರು ಬರುತ್ತೆ!

ಆ ಬಿಸಿಯ ಮೂಲಗಳಲ್ಲಿ ಒಂದು ಅಮಾಗರ್ ಬಕ್ಕೆ. 2017ರಲ್ಲಿ ಶುರುವಾದ, ಸುಮಾರು 85 ಮೀಟರ್ ಎತ್ತರದ ಘಟಕ. ಅದರ ಇಳಿಜಾರು ಚಾವಣಿ ಮೇಲೆ ಜನ ಸ್ಕೀಯಿಂಗ್ ಮಾಡ್ತಾರೆ, ಕೆಳಗೆ ನಗರದ ಕಸ ಉರಿಯುತ್ತೆ. ಕಸದ ಬೆಂಕಿಯಿಂದ ಹಬೆ, ಹಬೆಯಿಂದ ಟರ್ಬೈನ್, ಟರ್ಬೈನಿಂದ ಕರೆಂಟು. ಇಲ್ಲಿವರೆಗೆ ನಮ್ಮ ರಾಯಚೂರಿನ ಸ್ಥಾವರದ್ದೂ ಇದೇ ಕತೆ. ಅಲ್ಲಿ ಉರಿಯೋದು ಕಲ್ಲಿದ್ದಲು, ಅಷ್ಟೆ.

ವ್ಯತ್ಯಾಸ ಇರೋದು ಆಮೇಲೆ. ಕಲ್ಲಿದ್ದಲು ಸ್ಥಾವರಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಶಾಖ ಗಾಳಿಗೋ ನೀರಿಗೋ ಹೋಗಿಬಿಡುತ್ತೆ. ಇಲ್ಲಿ ಟರ್ಬೈನ್ ದಾಟಿ ಬಂದ ಹಬೆಯಿಂದಲೇ ನೀರು ಕಾಯಿಸಿ ಊರಿಗೆ ಕಳಿಸ್ತಾರೆ. ಕೋಪನ್‌ಹೇಗನ್‌ನ ಸುಮಾರು ಶೇ. 98ರಷ್ಟು ಶಾಖದ ಬೇಡಿಕೆ ಪೂರೈಸೋದು ಈ ಪೈಪ್ ಜಾಲವೇ. 1973ರ ತೈಲ ಬಿಕ್ಕಟ್ಟು ಡೆನ್ಮಾರ್ಕ್‌ಗೆ ಬಿಸಿ ಮುಟ್ಟಿಸಿತು. 1979ರ ಕಾನೂನು, ಯಾವ ಬಡಾವಣೆಗೆ ಶಾಖ ಎಲ್ಲಿಂದ ಅನ್ನೋದನ್ನು ಯೋಜಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿತು.

ತೊಡಕೂ ಇದೆ. ಒಲೆ ದೊಡ್ಡದಾದರೆ ಉರುವಲು ಹಾಕ್ತಾನೇ ಇರಬೇಕು. ಊರಿನ ಕಸ ಸಾಲದೆ ಹೊರದೇಶದಿಂದ ತರಿಸಿದ್ದೂ ಉಂಟು. ಪ್ಲಾಸ್ಟಿಕ್ ಉರಿದರೆ ಇಂಗಾಲದ ಹೊಗೆ ತಪ್ಪಲ್ಲ. ಆ ಇಂಗಾಲ ಹಿಡಿದಿಡುವ ಯೋಜನೆಗೆ ದುಡ್ಡು ಸಿಗದೆ, 2025ಕ್ಕೆ ಇಂಗಾಲಮುಕ್ತ ಆಗುವ ಗುರಿಯನ್ನೇ ನಗರ 2022ರಲ್ಲಿ ಕೈಬಿಟ್ಟಿತು.

ಬೆಂಗಳೂರಿಗೆ ರೇಡಿಯೇಟರ್ ಬೇಡ, ನಿಜ. ಆದರೆ ಈ ವಿದ್ಯೆ ನಮಗೆ ಹೊಸದಲ್ಲ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ತೆಗೀತಾರೆ, ಅದೇ ಹಬೆಯಲ್ಲಿ ಕಬ್ಬಿನ ಹಾಲು ಕುದಿಸ್ತಾರೆ. ಶಾಖ ಬೇಕಾದವರು ಪಕ್ಕದಲ್ಲೇ ಇರೋದರಿಂದ ಲೆಕ್ಕ ಕೂಡಿ ಬರುತ್ತೆ.

ಹೊಸ ಸ್ಥಾವರ ಅಂದ ತಕ್ಷಣ ಎಷ್ಟು ಮೆಗಾವ್ಯಾಟ್ ಅಂತ ಕೇಳ್ತೀವಿ. ಉಳಿದ ಬಿಸಿ ಯಾರಿಗೆ ಅಂತಲೂ ಕೇಳೋಣ, ಅದೂ ಜಾಗ ಗೊತ್ತು ಮಾಡುವ ಮೊದಲೇ. ಪೈಪಿನಲ್ಲಿ ಬಿಸಿನೀರನ್ನು ತುಂಬಾ ದೂರ ಒಯ್ಯೋಕಾಗಲ್ಲ.